ಮಾಡಿದ್ದರೆ

ಏನೊಕ್ಕಿ ಮತ್ತೆ ಎದ್ದು ನಿಂತ.

ಮುಂದಿನ ಬೆಂಚಿನ ಬೆನ್ನು ಹಿಡಿದು ಅವನು ಮೇಲೇಳುವ ರೀತಿ ನೋಡಿಯೇ ಹಿಲ್ಯಾಗೆ ಮುಂದೆ ಬರುವ ಮಾತೆಲ್ಲ ಗೊತ್ತಾಗಿಹೋಯಿತು. ದೇವರ ವಾಕ್ಯದ ಪ್ರಸಂಗ ಮುಗಿದಿತ್ತು, ಕೊನೆಯ ಹಾಡು ಇನ್ನೂ ಶುರುವಾಗಿರಲಿಲ್ಲ, ಅಡುಗೆಕೋಣೆಯಿಂದ ಕಾಫಿಯ ವಾಸನೆ ಬರುತ್ತಿತ್ತು. ಪ್ರಾರ್ಥನಾ ಮನೆಯಲ್ಲಿ ಅಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಳು ಮುಗಿಯುವಷ್ಟರಲ್ಲಿ ಕಾಫಿ ತಯಾರಿರುತ್ತದೆ.

"ಪ್ರಿಯ ಸಹೋದರರೇ, ಸಹೋದರಿಯರೇ," ಎಂದ ಏನೊಕ್ಕಿ. ಕರವಸ್ತ್ರ ಹೊರಗೆ ಬಂತು. "ಆ ಕಾಲದಲ್ಲಿ ನಾನು ಯಾರಿಗಾದ್ರೂ, ಏನಾದ್ರೂ ತಪ್ಪು ಮಾಡಿದ್ರೆ, ಕ್ಷಮಿಸಿಬಿಡಿ. ನಂಬಬಹುದಾ?"

"ನಂಬು," ಎಂದು ಬೆಂಚುಗಳೆಲ್ಲ ಒಟ್ಟಿಗೆ ಗುನುಗಿದವು. "ಯೇಸುವಿನ ಹೆಸರಲ್ಲಿ, ಯೇಸುವಿನ ರಕ್ತದಲ್ಲಿ ಎಲ್ಲಾ ಪಾಪ ಕ್ಷಮೆಯಾಯ್ತು ಅಂತ ನಂಬು."

ಹಿಲ್ಯಾ ಮಾತ್ರ ತುಟಿ ಬಿಚ್ಚಲಿಲ್ಲ. ಅಕ್ಕಪಕ್ಕದವರು ಅವಳ ಕಡೆ ನೋಡದಿರಲು ಬಹಳ ಕಷ್ಟಪಡುತ್ತಿದ್ದರು. ಇದೂ ಹೊಸದೇನಲ್ಲ.

ನದಿಯ ದಂಡೆಯ ಈ ವಿಶ್ವಾಸಿಗಳಲ್ಲಿ ಕ್ಷಮೆ ಮನಸ್ಸಿನೊಳಗೆ ಇಟ್ಟುಕೊಳ್ಳುವ ವಸ್ತುವಲ್ಲ. ಕೇಳುವವನು ಬಾಯಿ ಬಿಟ್ಟು ಕೇಳಬೇಕು, ಕೊಡುವವನು ಬಾಯಿ ಬಿಟ್ಟು ಕೊಡಬೇಕು, ಕಿವಿಗೆ ಬಿದ್ದರೇ ಅದು ಕ್ಷಮೆ. ಪಾದ್ರಿ ಬೇಕಿಲ್ಲ. ಅಜ್ಜ ಕೇಳಿದರೆ ಮೊಮ್ಮಗಳೂ 'ನಂಬು' ಎನ್ನಬಹುದು, ಅಜ್ಜ ಆ ದಿನ ಹಗುರಾಗಿ ಊಟ ಮಾಡಬಹುದು. ಹಿಲ್ಯಾಗೆ ಇದರಲ್ಲಿ ತಕರಾರಿರಲಿಲ್ಲ. ಚಿಕ್ಕಂದಿನಿಂದ ಸಾವಿರ ಸಲ ಕೇಳಿದ್ದಾಳೆ, ಸಾವಿರ ಸಲ ಕೊಟ್ಟಿದ್ದಾಳೆ. ಅವಳ ತಕರಾರು ಒಂದೇ ಒಂದು ಮಾತಿನ ಮೇಲೆ. ಮಾಡಿದ್ದರೆ. 'ಆದರೆ ಹೋದರೆ ಹತ್ತಿ ಬೆಳೆದರೆ' ಎನ್ನುವ ಜಾತಿಯ ಮಾತು ಅದು. ಮಾಡಿದ್ದೇನೆ ಎಂದೂ ಅಲ್ಲ, ಮಾಡಿಲ್ಲ ಎಂದೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪ. ಅದಕ್ಕೆ 'ನಂಬು' ಎಂದರೆ ಏನನ್ನು ಕ್ಷಮಿಸಿದ ಹಾಗಾಯಿತು?

ಏನೊಕ್ಕಿ ಅವಳ ಮೈದುನ, ಸತ್ತುಹೋದ ಗಂಡ ವಿಲ್ಹೋನ ತಮ್ಮ. ಊರಿನ ಪ್ರಸಂಗಿಗಳಲ್ಲಿ ಒಬ್ಬ. ಒಂಬತ್ತು ಮಕ್ಕಳ ತಂದೆ, ಮೆತ್ತಗಿನ ಮಾತು, ಬೇಗ ಬರುವ ಕಣ್ಣೀರು. ಅವನು ಅತ್ತರೆ ಊರೇ ಕರಗುತ್ತದೆ. ಹಿಲ್ಯಾ ಅಳುವುದಿಲ್ಲ, ಆದ್ದರಿಂದ ಅವಳು ಕಲ್ಲೆದೆಯವಳು.

ಆ ಕಾಲ ಎಂದರೆ ಯಾವುದು ಎಂದು ಊರಲ್ಲಿ ಎಲ್ಲರಿಗೂ ಗೊತ್ತು, ಬಿಡಿಸಿ ಯಾರೂ ಹೇಳುವುದಿಲ್ಲ. ನಲವತ್ತು ವರ್ಷದ ಹಿಂದಿನ ಮಾತು. ಟೀವಿ ಪಾಪವಾಗಿದ್ದ ಕಾಲ. ಯಾರ ಮಾಡಿನ ಮೇಲೆ ಆಂಟೆನಾ ಇದೆ, ಯಾರ ಮಗಳ ತುಟಿಗೆ ಬಣ್ಣ ಇದೆ ಎಂದು ಹುಡುಕುವುದೇ ಭಕ್ತಿಯಾಗಿಬಿಟ್ಟಿತ್ತು. ಸಿಕ್ಕಿಬಿದ್ದವರನ್ನು ಸಭೆಯ ಮುಂದೆ ನಿಲ್ಲಿಸಿ ವಿಚಾರಿಸುತ್ತಿದ್ದರು. ಆತ್ಮದ ಆರೈಕೆ ಎಂದು ಅದಕ್ಕೊಂದು ಚೆಂದದ ಹೆಸರು.

ಅಂಥದೊಂದು ಚಳಿಗಾಲದಲ್ಲಿ ವಿಲ್ಹೋ ಹೆಪ್ಪುಗಟ್ಟಿದ ನದಿಯನ್ನು ಕಾಲಿಗೆ ಹಿಮಜಾರುಪಟ್ಟಿ ಕಟ್ಟಿಕೊಂಡು ದಾಟಿ, ಆಚೆ ದಂಡೆಯ ಸ್ವೀಡನ್ನಿನಲ್ಲಿದ್ದ ಸೋದರಮಾವನ ಮನೆಗೆ ಹೋಗಿ, ಟೀವಿಯಲ್ಲಿ ಐಸ್ ಹಾಕಿ ಪಂದ್ಯ ನೋಡಿ ಬಂದ. ಹಿಮದ ಮೇಲೆ ಬಿದ್ದ ಗುರುತನ್ನು ಯಾರೋ ನೋಡಿದರು. ಸಭೆ ಸೇರಿತು. ನದಿ ದಾಟಿದವರು ಯಾರು ಎಂಬ ಪ್ರಶ್ನೆ ಬಂದ ಕೂಡಲೇ ಏನೊಕ್ಕಿ ಎದ್ದು ನಿಂತ. ಕುಂಬಳಕಾಯಿ ಕಳ್ಳ ಎಂದರೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುವವನು ದಡ್ಡ. ಏನೊಕ್ಕಿ ಅಣ್ಣನ ಹೆಗಲು ತೋರಿಸಿದ.

"ಅಣ್ಣನ ಆತ್ಮದ ಮೇಲಿನ ಪ್ರೀತಿಯಿಂದ ಹೇಳ್ತಿದ್ದೀನಿ," ಎಂದು ಅತ್ತ.

"ನೋಡಿದ್ದು ಹೌದು," ಎಂದ ವಿಲ್ಹೋ. "ನಾವು ಸೋತ್ವಿ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?"

ಯಾರೂ ನಗಲಿಲ್ಲ. ವಿಲ್ಹೋ ಕ್ಷಮೆಯನ್ನೂ ಕೇಳಲಿಲ್ಲ. ಅವನ ಪಾಪಗಳನ್ನು ಅವನಿಗೇ ಕಟ್ಟಿ ಸಭೆಯಿಂದ ಹೊರಗೆ ಕಳಿಸಿದರು. ಕಟ್ಟು ಎಂದರೆ ಹೊಡೆತವಲ್ಲ, ಬಡಿತವಲ್ಲ, ಒಂದು ಮಾತು ನಿಂತುಹೋಗುವುದು, ಅಷ್ಟೆ. ವಿಶ್ವಾಸಿಗಳು ಎದುರಾದರೆ 'ದೇವರ ಸಮಾಧಾನ' ಎನ್ನುತ್ತಾರೆ. ಹೊರಗಿನವರಿಗೆ 'ಒಳ್ಳೆಯ ದಿನ' ಎನ್ನುತ್ತಾರೆ. ಮರುದಿನ ಅಂಗಡಿಯಲ್ಲಿ, ಬಾಲ್ಯದಿಂದ ಜೊತೆಗೆ ಬಲೆ ಎಳೆದವರೆಲ್ಲ ವಿಲ್ಹೋನಿಗೆ ಒಳ್ಳೆಯ ದಿನ ಎಂದರು.

ಮನೆಯಲ್ಲಿ ಅವನು ಹೆಂಡತಿಗೆ ಹೇಳಿದ, "ಟೀವಿ ಮುಂದೆ ಏನೊಕ್ಕಿ ನನ್ನ ಪಕ್ಕದಲ್ಲೇ ಕೂತಿದ್ದ ಕಣೆ. ಒಂದೇ ತಟ್ಟೆಯಿಂದ ಬನ್ನು ತಿಂದ್ವಿ."

"ಮತ್ತೆ ಸಭೇಲಿ ಹೇಳ್ಬೇಕಿತ್ತು ತಾನೆ? ಬಾಯಿಗೇನು ಬೀಗ ಬಿದ್ದಿತ್ತಾ?"

"ಅವನ ಪಾಪ ಅವನು ಹೇಳ್ಕೊಳ್ಳಲಿ. ಅದನ್ನೂ ನಾನು ಯಾಕೆ ಕಿತ್ಕೊಳ್ಳಲಿ? ನೀನೂ ಬಾಯಿ ಬಿಡಬಾರದು. ಆಣೆ."

ಆಣೆ ಹಾಕಿ ಕೂರಿಸಿಬಿಟ್ಟ ಪುಣ್ಯಾತ್ಮ. ಮೂರನೇ ಚಳಿಗಾಲದಲ್ಲಿ ಸೌದೆ ಒಡೆಯುತ್ತಾ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಮಣ್ಣು ಮಾಡುವಾಗ ಪ್ರಸಂಗ ಮಾಡಿದವನೂ ಏನೊಕ್ಕಿಯೇ. ಸತ್ತ ವಿಶ್ವಾಸಿಗೆ 'ವಿಶ್ವಾಸದಲ್ಲಿ ನಿದ್ರೆಹೋದ' ಎನ್ನಬೇಕು. ಏನೊಕ್ಕಿ ಹಾಗೆನ್ನಲಿಲ್ಲ. 'ದೇವರ ಕೈಗೆ ಒಪ್ಪಿಸೋಣ' ಎಂದ, ಕಣ್ಣೊರೆಸಿಕೊಂಡ.

ವರ್ಷಗಳು ಕಳೆದ ಮೇಲೆ ಹಿರಿಯರಿಗೆ ಜ್ಞಾನೋದಯವಾಯಿತು. ಆ ಕಾಲದಲ್ಲಿ ಸ್ವಲ್ಪ ಅತಿಯಾಯಿತು ಎಂದರು. ಎಲ್ಲರೂ ಎಲ್ಲರ ಕೊರಳು ತಬ್ಬಿಕೊಂಡು, ಏನಾದರೂ ಮಾಡಿದ್ದರೆ ಕ್ಷಮಿಸು ಎಂದು ಕೇಳಿ, ನಂಬು ಎಂದು ಹೇಳಿ ಮುಗಿಸಿದರು. ಬಟ್ಟೆಯ ಗಂಟನ್ನು ಬಿಚ್ಚದೆ ಹಾಗೇ ನೀರಿಗೆ ಅದ್ದಿ, ಒಗೆದಾಯಿತು ಎಂದ ಹಾಗಿತ್ತು ಹಿಲ್ಯಾಗೆ. ಆ ವಿಚಾರಣೆಯ ದಿನದಿಂದಲೂ ಅವಳು ಏನೊಕ್ಕಿಯ ಬಾಯಿಂದ ಒಂದು ಸಾಲು ಬರಲಿ ಎಂದು ಕಾಯುತ್ತಿದ್ದಾಳೆ. ತಾನಾಗಿ ಬಾಯಿ ಬಿಡುವಂತಿಲ್ಲ, ಆಣೆ. ಅವನು ಹೇಳದೆ ಕ್ಷಮಿಸುವುದಕ್ಕೆ ನಾಲಗೆ ಏಳುವುದಿಲ್ಲ. ದಿನಾ ಮಲಗುವ ಮುಂಚೆ ಕರ್ತನ ಪ್ರಾರ್ಥನೆಯಲ್ಲಿ 'ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ' ಎಂಬಲ್ಲಿಗೆ ಬಂದಾಗ ಅವಳಿಗೆ ಕೆಮ್ಮು ಬರುತ್ತದೆ. ಕೆಮ್ಮಿ ಮುಂದಿನ ಸಾಲಿಗೆ ಹೋಗುತ್ತಾಳೆ.

ಆ ಭಾನುವಾರ ಕಳೆದು ಎರಡು ದಿನಕ್ಕೆ ಏನೊಕ್ಕಿಯ ಹಿರಿ ಮಗಳು ಮಾರ್ಕೆತ್ತಾ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹಿಲ್ಯಾಳ ಮನೆಗೆ ಬಂದಳು. ಅವನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ, ಹಿಲ್ಯಾಳನ್ನು ಒಲೆಯ ಬಳಿಗೆ ಎಳೆದುಕೊಂಡು ಹೋದಳು.

"ಡಾಕ್ಟ್ರು ಹೇಳಿಬಿಟ್ರು, ದೊಡ್ಡಮ್ಮ. ಅಪ್ಪನ ನೆನಪು ಹೋಗ್ತಿದೆ. ಬರೋ ಬೇಸಿಗೆಗೆ ನನ್ನ ಹೆಸರಾದ್ರೂ ಉಳಿಯುತ್ತೋ ಇಲ್ವೋ. ಅಷ್ಟರೊಳಗೆ ನೀವೊಂದು ಮಾತು ಹೇಳಿಬಿಡಿ."

ಹಿಲ್ಯಾಗೆ ಕೈಯಲ್ಲಿದ್ದ ಕಾಫಿ ಕೆಟಲ್ ಭಾರವಾಯಿತು. ಮರುಕದಿಂದಲ್ಲ. ಅವನ ನೆನಪು ಹೋದರೆ ಅವಳು ನಲವತ್ತು ವರ್ಷ ಕಾದ ಸಾಲೂ ಅದರ ಜೊತೆಗೇ ಹೋಗುತ್ತದೆ. ಬೇರೆ ಯಾರೂ ಅದನ್ನು ಹೇಳಲಾರರು.

"ನಾನು ಹೇಳ್ತೀನಿ," ಎಂದಳು. "ಮೊದಲು ಅವನು ಹೇಳಲಿ. ಏನು ಮಾಡಿದೆ ಅಂತ ಒಂದೇ ಒಂದು ಸಾಲು."

"ಏನು ಮಾಡಿದ್ರೂ ಆ ಕಾಲದಲ್ಲಿ ಎಲ್ರೂ ಮಾಡಿದ್ದೇ ಅಲ್ವಾ?"

"ಎಲ್ರ ವಿಷಯ ಎಲ್ರೂ ನೋಡ್ಕೋತಾರೆ."

ಏನೊಕ್ಕಿ ಆ ಕಡೆಯ ರೂಢಿಯಂತೆ ಸುಟ್ಟ ಗಿಣ್ಣಿನ ತುಂಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದ. ಹಿಲ್ಯಾ ಎದುರು ಕೂತಳು. ಅವನು ಬಟ್ಟಲು ಇಟ್ಟು, ಗಡ್ಡ ಒರೆಸಿಕೊಂಡು, ಒಳ್ಳೆಯ ಹುಡುಗನ ಹಾಗೆ ಶುರುಮಾಡಿದ.

"ಅತ್ತಿಗೆ, ಆ ಕಾಲದಲ್ಲಿ ನಿನಗೂ ಅಣ್ಣನಿಗೂ ನಾನು ಏನಾದ್ರೂ..."

"ಏನಾದ್ರೂ ಅಲ್ಲ. ಏನು?"

"ಏನೇ ಮಾಡಿದ್ರೂ..."

"ಏನು ಮಾಡಿದೆ, ಏನೊಕ್ಕಿ? ನದಿ, ಹಿಮ, ಬನ್ನು, ಒಂದೂ ನೆನಪಿಗೆ ಬರಲ್ವಾ?"

ಬನ್ನು ಎಂದಾಗ ಅವನ ಕಣ್ಣಿನಲ್ಲಿ ಏನೋ ಅಲುಗಿತು. ನೆನಪಿದೆ. ಚೆನ್ನಾಗಿಯೇ ನೆನಪಿದೆ. ಅವನು ಮಗಳ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ, ಕರವಸ್ತ್ರ ತೆಗೆದ. "ಏನಾದ್ರೂ ಮಾಡಿದ್ರೆ," ಎಂದ, "ನಂಬಬಹುದಾ?"

ಹಿಲ್ಯಾ ಒರೆಸುವ ಬಟ್ಟೆಯನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಎಸೆದಳು. "ಗಿಣ್ಣು ತಿಂದು ಹೋಗು. ಅದಕ್ಕೆ ನನ್ನ ಅಡ್ಡಿಯಿಲ್ಲ."

"ಕ್ಷಮಿಸದವರಿಗೆ ಕ್ಷಮೆ ಎಲ್ಲಿಂದ ಸಿಗುತ್ತೆ, ದೊಡ್ಡಮ್ಮ?" ಎಂದಳು ಮಾರ್ಕೆತ್ತಾ, ಅಪ್ಪನಿಗೆ ಕೋಟು ಹಾಕುತ್ತಾ.

"ನಿನ್ನ ಪ್ರಸಂಗ ನಿಮ್ಮಪ್ಪನಿಗೆ ಮಾಡು. ಅವನದ್ದು ಮರೆತುಹೋಗ್ತಿದೆಯಂತಲ್ಲ."

ಅಂದ ಮೇಲೆ ಅವಳಿಗೇ ಕೆಟ್ಟೆನಿಸಿತು. ಆದರೂ ಹಿಂದೆ ಕರೆಯಲಿಲ್ಲ.

ಮೊದಲ ಹಿಮ ಬಿದ್ದ ವಾರದಲ್ಲಿ, ಬೆಳಗಿನ ಕಾಫಿಯ ಹೊತ್ತಿಗೆ, ಬಾಗಿಲು ತಾನಾಗಿ ತೆರೆದುಕೊಂಡಿತು. ಹೊಸಿಲಲ್ಲಿ ಏನೊಕ್ಕಿ. ಮನೆಯೊಳಗಿನ ಚಪ್ಪಲಿಯಲ್ಲೇ ರಸ್ತೆಯುದ್ದಕ್ಕೂ ನಡೆದು ಬಂದಿದ್ದ. ಟೋಪಿ ಕೈಯಲ್ಲಿತ್ತು.

"ಒಳ್ಳೆಯ ದಿನ, ಅತ್ತಿಗೆ," ಎಂದ.

ಹಿಲ್ಯಾಗೆ ಮೈಯೆಲ್ಲ ಉರಿದುಹೋಯಿತು. ಗಂಡನನ್ನು ಕಟ್ಟಿದ್ದು ಸಾಲದೆಂದು ಈಗ ನನ್ನನ್ನೂ ಕಟ್ಟಲು ಬಂದನೋ ಎಂದುಕೊಂಡಳು. ಮುಖಕ್ಕೆ ಬಾಗಿಲು ಹಾಕಬೇಕೆನ್ನುವಷ್ಟರಲ್ಲಿ ಅವನು ಕೇಳಿದ, "ಅಣ್ಣ ಇದ್ದಾನಾ?"

"ಯಾರು?"

"ವಿಲ್ಹೋ. ನಿನ್ನೆ ಸಭೇಲಿ ನಾನು... ಕೋಪದಲ್ಲಿದ್ದಾನಾ?"

ಅವಳು ಅವನ ಕಣ್ಣುಗಳನ್ನು ನೋಡಿದಳು. ಅಲ್ಲಿ ಮೋಸವಿರಲಿಲ್ಲ, ಈ ನಲವತ್ತು ವರ್ಷಗಳೂ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಸೌದೆ ತರೋಕೆ ಹೋಗಿದ್ದಾನೆ," ಎಂದಳು, ಹೇಗೆ ಹೇಳಿದಳೋ ದೇವರೇ ಬಲ್ಲ. "ನನಗೇ ಹೇಳು. ಕೂತ್ಕೋ."

ಅವನು ಕೂತ. ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಾ ಹೇಳಿದ. ಈ ಸಲ ಕರವಸ್ತ್ರ ಹೊರಗೆ ಬರಲಿಲ್ಲ.

"ನಾನೂ ಅಲ್ಲಿದ್ದೆ, ಅತ್ತಿಗೆ. ಅಣ್ಣ ಬರಲ್ಲ ಅಂದ. ನಾನೇ ಎಬ್ಬಿಸ್ಕೊಂಡು ಹೋದೆ. ಮಾವನ ಮನೇಲಿ ಬನ್ನು ತಿಂದ್ವಿ. ನಮ್ಮವರು ಗೋಲು ಹೊಡೆದಾಗ ನಾನು ಎಷ್ಟು ಜೋರಾಗಿ ಕೂಗಿದೆ ಅಂದ್ರೆ ಮಾವನ ನಾಯಿ ಹೊರಗೆ ಓಡಿಹೋಯ್ತು. ಹಿಮದ ಮೇಲೆ ಎರಡು ಜೊತೆ ಗುರುತಿತ್ತು. ಸಭೇಲಿ ಯಾರು ಅಂತ ಕೇಳ್ದಾಗ ಭಯ ಆಯ್ತು. ಮೊದಲು ಎದ್ದವನನ್ನ ಯಾರೂ ಕೇಳಲ್ಲ ಅಂತ ಗೊತ್ತಿತ್ತು. ಎದ್ದುಬಿಟ್ಟೆ." ಉಸಿರು ಎಳೆದುಕೊಂಡ. "ಜೊತೆಗೆ ಯಾರಿದ್ರು ಅಂತ ಕೇಳ್ದಾಗ ಅಣ್ಣ ನನ್ನ ಕಡೆ ನೋಡ್ದ. ನನ್ನ ಹೆಸರು ಹೇಳ್ತಾನೆ ಅಂದ್ಕೊಂಡೆ. ಹೇಳ್ಲಿಲ್ಲ."

ಕರೆದುಕೊಂಡು ಹೋದವನು ಇವನೇ ಎಂಬುದು ಹಿಲ್ಯಾಗೆ ಗೊತ್ತಿರಲಿಲ್ಲ. ಅದನ್ನು ವಿಲ್ಹೋ ಅವಳಿಂದಲೂ ಮುಚ್ಚಿಟ್ಟಿದ್ದ.

"ನಂಬಬಹುದಾ?" ಎಂದ ಏನೊಕ್ಕಿ.

ಮಾಡಿದ್ದರೆ ಎಂಬ ಮಾತು ಎಲ್ಲೂ ಬಂದಿರಲಿಲ್ಲ. ಇನ್ನು ನೆಪವಿಲ್ಲ. ಹಿಲ್ಯಾ ಒಂದೊಂದೇ ಪದವನ್ನು ಹೊರಗೆ ದೂಡಿದಳು. "ನಂಬು. ಯೇಸುವಿನ ಹೆಸರಲ್ಲಿ, ರಕ್ತದಲ್ಲಿ, ಎಲ್ಲಾ ಪಾಪ ಕ್ಷಮೆಯಾಯ್ತು ಅಂತ ನಂಬು."

ಅವನ ಭುಜಗಳು ಇಳಿದವು. ಕಾಫಿ ಕುಡಿದ. ಹೋಗುವಾಗ "ದೇವರ ಸಮಾಧಾನ" ಎಂದು ಹೇಳಿ ಹೋದ. ಹಿಲ್ಯಾ ಮೇಜಿನ ಮುಂದೆ ಕೂತೇ ಇದ್ದಳು. ಹಗುರಾಗುತ್ತದೆ ಎಂದು ಜೀವನವಿಡೀ ಕೇಳಿಕೊಂಡು ಬಂದಿದ್ದಳು. ಹಗುರವೇನೂ ಆಗಲಿಲ್ಲ. ಸುಸ್ತಾಯಿತು, ಸೊಂಟ ನೋಯಿತು. ಆದರೂ ಮುಗಿಯಿತಲ್ಲ ಎಂದುಕೊಂಡಳು. ಮಾರ್ಕೆತ್ತಾಗೆ ಫೋನ್ ಮಾಡಿ, ಅವನು ಹೇಳಿದ, ನಾನೂ ಹೇಳಿದೆ ಎಂದಳು. ಆ ಕಡೆ ಮಾರ್ಕೆತ್ತಾ ಅತ್ತೇ ಅತ್ತಳು.

ಮುಗಿಯಿತು ಎಂಬ ನೆಮ್ಮದಿ ಭಾನುವಾರದವರೆಗೆ ಬಾಳಿತು. ಆ ದಿನ ಏನೊಕ್ಕಿಯ ತಲೆ ನೆಟ್ಟಗಿತ್ತು. ಎಲ್ಲರ ಹೆಸರು ಹಿಡಿದು ಮಾತಾಡಿಸಿದ. ಪ್ರಸಂಗ ಮುಗಿದು ಕಾಫಿ ವಾಸನೆ ಬರುವ ಹೊತ್ತಿಗೆ ಬೆಂಚಿನ ಬೆನ್ನು ಹಿಡಿದು ಎದ್ದು ನಿಂತ. "ಆ ಕಾಲದಲ್ಲಿ ನಾನು ಯಾರಿಗಾದ್ರೂ, ಏನಾದ್ರೂ ತಪ್ಪು ಮಾಡಿದ್ರೆ..."

ಹಿಲ್ಯಾ ಕೋಟು ಎತ್ತಿಕೊಂಡು ಹೊರಗೆ ನಡೆದಳು. ಮಾರ್ಕೆತ್ತಾ ಮೆಟ್ಟಿಲವರೆಗೆ ಓಡಿಬಂದಳು.

"ದೊಡ್ಡಮ್ಮ, ಎಲ್ಲ ಸರಿಹೋಯ್ತು ಅಂದ್ರಲ್ಲ."

"ನಿಮ್ಮಪ್ಪ ಬುದ್ಧಿ ನೆಟ್ಟಗಿದ್ದ ದಿನ ಸುಳ್ಳು ಹೇಳ್ತಾನೆ, ಕೆಟ್ಟ ದಿನ ನಿಜ ಹೇಳ್ತಾನೆ. ನಾನು ಯಾವ ಏನೊಕ್ಕಿಯನ್ನ ಕ್ಷಮಿಸ್ಲಿ, ಹೇಳು. ಇಬ್ರಿದ್ದಾರೆ."

ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಚಪ್ಪಲಿ, ಟೋಪಿ.

"ಒಳ್ಳೆಯ ದಿನ, ಅತ್ತಿಗೆ. ಅಣ್ಣ ಇದ್ದಾನಾ? ನಿನ್ನೆ ಸಭೇಲಿ ನಾನು..."

"ಹೇಳಿ ಆಗಿದೆ, ಏನೊಕ್ಕಿ," ಎಂದಳು ಹಿಲ್ಯಾ. "ಕೊಟ್ಟೂ ಆಗಿದೆ."

"ಯಾವಾಗ?"

"ಮೊನ್ನೆ. ಇದೇ ಕುರ್ಚಿ, ಇದೇ ಕಾಫಿ."

ಅವನು ಯೋಚಿಸಿದ. ಎಲ್ಲಿಯೂ ಏನೂ ಸಿಗಲಿಲ್ಲ. "ನಾನು ಅಣ್ಣನಿಗೆ ಹೇಳೇ ಇಲ್ವಲ್ಲ," ಎಂದ.

ಅವಳಿಗೆ ತಡೆಯಲಾಗಲಿಲ್ಲ. ನಲವತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕಿತ್ತು ಕೊಟ್ಟರೆ ಈ ಮನುಷ್ಯ ಅದನ್ನು ಒಂದು ವಾರ ಇಟ್ಟುಕೊಳ್ಳಲಾರ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. "ಹೋಗು ಮನೆಗೆ," ಎಂದಳು. "ಎಲ್ಲ ಮುಗಿದಿದೆ. ಹೋಗು. ಇನ್ನೊಂದು ಸಲ ಆಗಲ್ಲ ನನ್ನ ಕೈಲಿ."

ಅವನು ತಲೆಯಾಡಿಸಿದ. ಹೋದ. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡು ಹೋದ.

ಹಿಲ್ಯಾ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು. ಏಳೆಪ್ಪತ್ತು ಸಾರಿ ಕ್ಷಮಿಸು ಎಂದು ಯೇಸು ಶಿಷ್ಯ ಪೇತ್ರನಿಗೆ ಹೇಳಿದ್ದು ಅವಳಿಗೆ ಗೊತ್ತು, ಯಾರೂ ನೆನಪಿಸಬೇಕಿಲ್ಲ. ಆದರೆ ಪೇತ್ರ ಕೇಳಿದ್ದು ಮತ್ತೆ ಮತ್ತೆ ಮಾಡುವ ತಪ್ಪುಗಳ ವಿಷಯ. ಒಂದೇ ತಪ್ಪು, ಎಂದೋ ಮಾಡಿದ್ದು, ಪ್ರತಿದಿನ ಹೊಸದಾಗಿ ಬಾಗಿಲಿಗೆ ಬಂದರೆ? ಅವನಿಗೇನು, ಹೇಳಿ ಮರೆಯುತ್ತಾನೆ. ಪ್ರತಿ ಸಲ ಮನಸ್ಸಿನಲ್ಲಿ ಆ ಹಳೆಯ ಸಭೆಗೆ ಹೋಗಿ ಕೂತು ಬರಬೇಕಾದವಳು ಇವಳು. ನಿನಗೇನಾದರೂ ನ್ಯಾಯ ಇದೆಯಾ ಎಂದು ಅವಳು ದೇವರನ್ನು ಗಟ್ಟಿಯಾಗಿಯೇ ಕೇಳಿದಳು. ಬಟ್ಟಲಿನ ಹಿಡಿ ಮುರಿಯಿತು.

ಮುರಿದ ಹಿಡಿಯನ್ನು ಕಿಟಕಿಯ ಅಂಚಿನಲ್ಲಿಡಲು ಹೋದಾಗ ಹೊರಗೆ ಕಂಡಿತು. ಏನೊಕ್ಕಿ ಮನೆಗೆ ಹೋಗಿರಲಿಲ್ಲ. ಗೇಟಿನ ಆಚೆ, ಹಿಮದಲ್ಲಿ, ಚಪ್ಪಲಿಯಲ್ಲಿ ನಿಂತಿದ್ದ. ಟೋಪಿ ಕೈಯಲ್ಲಿ. ಒಳಗೆ ಬರುವ ಹಕ್ಕಿಲ್ಲದವನು ನಿಲ್ಲುವ ಹಾಗೆ, ಸ್ವಲ್ಪ ಪಕ್ಕಕ್ಕೆ ಸರಿದು, ದಾರಿ ಬಿಟ್ಟು ನಿಂತಿದ್ದ.

ವಿಲ್ಹೋ ಹಾಗೇ ನಿಲ್ಲುತ್ತಿದ್ದ. ಆ ಮೂರು ಚಳಿಗಾಲ, ಭಾನುವಾರಗಳಲ್ಲಿ, ಅವಳನ್ನು ಕರೆದುಕೊಂಡು ಹೋಗಲು ಬಂದು ಪ್ರಾರ್ಥನಾ ಮನೆಯ ಗೇಟಿನ ಆಚೆ, ದಾರಿ ಬಿಟ್ಟು, ಟೋಪಿ ಕೈಯಲ್ಲಿ ಹಿಡಿದು. ಹೊರಗೆ ಬಂದವರೆಲ್ಲ ಒಳ್ಳೆಯ ದಿನ, ಒಳ್ಳೆಯ ದಿನ ಎಂದು ದಾಟಿ ಹೋಗುತ್ತಿದ್ದರು. ಹಿಲ್ಯಾ ಬೇಕೆಂದೇ ಕೊನೆಗೆ ಬಂದು, ಮೆಟ್ಟಿಲ ಮೇಲಿಂದಲೇ, ಊರಿಗೆಲ್ಲ ಕೇಳುವ ಹಾಗೆ, ದೇವರ ಸಮಾಧಾನ, ವಿಲ್ಹೋ ಎನ್ನುತ್ತಿದ್ದಳು. ಮೆತ್ತಗೆ ಮಾರಾಯ್ತಿ, ನಿನ್ನನ್ನೂ ಕಟ್ತಾರೆ ಎಂದು ಅವನು ನಗುತ್ತಿದ್ದ.

ಹಿಲ್ಯಾ ಗಂಡನ ಹಳೆಯ ಬೂಟುಗಳಲ್ಲಿ ಕಾಲು ತೂರಿಸಿ ಅಂಗಳಕ್ಕೆ ಇಳಿದಳು. ಕೋಪ ಇಳಿದಿರಲಿಲ್ಲ, ಅದನ್ನೂ ಜೊತೆಗೇ ತಂದಳು.

"ಯಾಕೆ ನಿಂತಿದ್ದೀಯ ಇಲ್ಲಿ? ಕಾಲು ಹೆಪ್ಪುಗಟ್ಟಲಿ ಅಂತಾನಾ?"

"ಒಳ್ಳೆಯ ದಿನ, ಅತ್ತಿಗೆ."

"ಅದೇನು ಒಳ್ಳೆಯ ದಿನ, ಒಳ್ಳೆಯ ದಿನ ಅಂತ ಬಂದಾಗಿಂದ? ನನಗೆ ದೇವರ ಸಮಾಧಾನ ಅನ್ನೋಕೆ ನಿನ್ನ ಬಾಯಿಗೇನಾಗಿದೆ?"

"ನಾನು ಹೇಳೋ ಹಾಗಿಲ್ಲ," ಎಂದ ಏನೊಕ್ಕಿ. "ಕಟ್ಟು ನನಗೆ ಬರಬೇಕಿತ್ತು. ಅಣ್ಣನಿಗೆ ಹಾಕಿಬಿಟ್ರು."

ಅವನ ಚಪ್ಪಲಿಯೊಳಗೆ ಹಿಮ ತುಂಬಿತ್ತು. ಪಕ್ಕದ ಮನೆಯ ಕಿಟಕಿಯಲ್ಲಿ ಪರದೆ ಅಲುಗಿತು, ಯಾರೋ ನೋಡುತ್ತಿದ್ದರು. ನೋಡಲಿ ಎಂದುಕೊಂಡಳು ಹಿಲ್ಯಾ. ನಾಳೆಯೂ ಇವನು ಬರುತ್ತಾನೆ, ನಾಡಿದ್ದೂ ಬರುತ್ತಾನೆ, ಭಾನುವಾರ ಎದ್ದು ನಿಂತು ಮಾಡಿದ್ದರೆ ಎನ್ನುತ್ತಾನೆ. ಎಲ್ಲ ಗೊತ್ತಿದ್ದೇ ಅವಳು ಗೇಟು ತೆರೆದಳು.

"ದೇವರ ಸಮಾಧಾನ, ಏನೊಕ್ಕಿ," ಎಂದಳು, ಊರಿಗೆಲ್ಲ ಕೇಳುವ ಹಾಗೆ.

ಅವನು ಬೆಚ್ಚಿ ಅವಳ ಮುಖ ನೋಡಿದ. ಅವಳು ಅವನ ರಟ್ಟೆ ಹಿಡಿದು ಒಳಗೆ ಕರೆತಂದು, ಒಲೆಯ ಪಕ್ಕ ಕೂರಿಸಿ, ಒದ್ದೆ ಚಪ್ಪಲಿ ಕಳಚಿ, ವಿಲ್ಹೋನ ಉಣ್ಣೆಯ ಕಾಲುಚೀಲ ತೊಡಿಸಿದಳು. ಹಿಡಿಯಿಲ್ಲದ ಬಟ್ಟಲನ್ನು ತನ್ನ ಮುಂದೆ ಇಟ್ಟುಕೊಂಡು, ಹಿಡಿಯಿದ್ದದ್ದನ್ನು ಅವನ ಮುಂದೆ ಇಟ್ಟಳು.

"ಅಣ್ಣ ಇದ್ದಾನಾ?" ಎಂದ ಏನೊಕ್ಕಿ.

"ಸೌದೆ ತರೋಕೆ ಹೋಗಿದ್ದಾನೆ," ಎಂದಳು ಹಿಲ್ಯಾ. "ನನಗೇ ಹೇಳು. ಶುರುವಿಂದ ಹೇಳು."